ಕೆಂಪಾಜಮ್ಮನ ರಕ್ತ ಎಲ್ಲಿ ಹೋಯಿತು?

ಕೆಂಪಾಜಮ್ಮ ಹೆದರುತ್ತಲೇ ಬೆರಳನ್ನು ಯಂತ್ರದ ಗೂಡಿನೊಳಗೆ ಇಟ್ಟಳು. ಸೂಜಿ ಚುಚ್ಚಲಿಲ್ಲ, ನೋಯಲಿಲ್ಲ. ಉಗುರಿನ ಮೇಲೆ ನೀಲಿ ಬೆಳಕು ಒಮ್ಮೆ ಹಾದುಹೋಯಿತು, ಅಷ್ಟೆ. ‘ಕಾರಣದರ್ಶಕ’ವೆಂಬ ಆ ಯಂತ್ರವನ್ನು ರೂಪಿಸಿದ ಡಾ. ಇಂದುಧರ ಪರದೆಯನ್ನೇ ನೋಡುತ್ತ ಕುಳಿತಿದ್ದರು.

ರಕ್ತ ಕಡಿಮೆಯಿದೆ ಎಂದು ಹೇಳುವ ಯಂತ್ರಗಳು ಹಿಂದೆಯೂ ಇದ್ದವು. ಏಕೆ ಕಡಿಮೆಯಾಯಿತು ಎಂದು ಹೇಳುವುದೇ ಕಾರಣದರ್ಶಕದ ಹೆಚ್ಚುಗಾರಿಕೆ. ಕೆಂಪು ಕಣಗಳಿಗೆ ಕಬ್ಬಿಣ ಸಾಲದೆ ಹೋಯಿತೇ, ಮೂತ್ರಪಿಂಡ ಕೈಕೊಟ್ಟಿತೇ, ಹೊಟ್ಟೆಯಲ್ಲಿ ಎಲ್ಲಾದರೂ ಗುಟ್ಟಾಗಿ ರಕ್ತ ಸೋರುತ್ತಿದೆಯೇ ಎಂಬುದನ್ನೆಲ್ಲ ಅದು ಬೆಳಕಿನಿಂದಲೇ ಓದಿ ತಿಳಿಸುತ್ತಿತ್ತು.

ಕೆಂಪಾಜಮ್ಮನಿಗೆ ಈ ಉತ್ತರ ಬೇಕೇ ಬೇಕಿತ್ತು. ಆಕೆಯ ಹೃದಯದ ಕವಾಟ ಕೆಟ್ಟಿತ್ತು. ಅದನ್ನು ಬದಲಿಸುವಾಗ ಒಂದಿಷ್ಟು ರಕ್ತ ಹೋಗಿಯೇ ಹೋಗುತ್ತದೆ. ಇರುವುದೇ ಕಡಿಮೆಯಾದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಜೀವ ಹೋಗಬಹುದು. ಹಾಗಾಗಿ ಶಸ್ತ್ರಚಿಕಿತ್ಸೆಯನ್ನು ಮತ್ತೆ ಮತ್ತೆ ಮುಂದೂಡಿದ್ದರು. ಕಬ್ಬಿಣದ ಮಾತ್ರೆ ನುಂಗಿ ನುಂಗಿ ನಾಲಿಗೆ ಕೆಟ್ಟಿತೇ ಹೊರತು ರಕ್ತ ಏರಲಿಲ್ಲ. ಇನ್ನೂ ತಡಮಾಡಿದರೆ ಹೃದಯ ತಡೆಯುವಂತಿರಲಿಲ್ಲ.

ಪರದೆಯ ಮೇಲೆ ಉತ್ತರ ಮೂಡಿತು: ಕೊಕ್ಕೆಹುಳು.

ಇಂದುಧರ ಕುರ್ಚಿಯಿಂದ ಎದ್ದೇಬಿಟ್ಟರು. ಆ ಹುಳು ನಾಡು ಬಿಟ್ಟು ತೊಲಗಿತೆಂದು ವೈದ್ಯರೆಲ್ಲ ನಂಬಿ ಕೂತಿದ್ದ ಕಾಲವದು. ಪಠ್ಯಪುಸ್ತಕದಿಂದಲೂ ಅದನ್ನು ತೆಗೆದುಹಾಕಿದ್ದರು!

“ಹುಳವಾ? ನನ್ ಹೊಟ್ಟೇಲಾ?” ಕೆಂಪಾಜಮ್ಮ ಬೆರಳನ್ನು ಸರಕ್ಕನೆ ಎಳೆದುಕೊಂಡಳು. “ಅಯ್ಯೋ ಶಿವನೇ! ಕೈ ತೊಳೀದೆ ಒಂದ್ ತುತ್ತು ತಿಂದೋಳಲ್ಲ ಸ್ವಾಮಿ ನಾನು!”

“ಇದು ಬಾಯಿಂದ ಬಂದದ್ದಲ್ಲಮ್ಮ. ಹೊಲಸು ಬಿದ್ದ ಹಸಿ ಮಣ್ಣಲ್ಲಿ ಇದರ ಮರಿ ಇರುತ್ತೆ. ಅಂಗಾಲು ಕೊರೆದು ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತೆ. ನಿಮ್ಮದು ಏನು ಕೆಲಸ?”

“ಚರಂಡಿ ನೀರಲ್ಲಿ ಸೊಪ್ಪು ಬೆಳೀತೀವಿ,” ಎಂದಳು ಪಕ್ಕದಲ್ಲಿ ಕುಳಿತಿದ್ದ ಮಗಳು ಚೆಲುವಿ.

“ಚಪ್ಪಲಿ ಹಾಕ್ಕೊಳ್ಳೋದಿಲ್ವಾ?”

ಕೆಂಪಾಜಮ್ಮ ತನ್ನ ಬರಿಗಾಲನ್ನು ನೋಡಿಕೊಂಡಳು. “ಮೊದ್ಲು ಮೆಟ್ತಿದ್ದೆ. ಕವಾಟ ಕೆಟ್ಟದೆ ಅಂತ ನೀವಂದ್ರಲ್ಲ, ಅವತ್ತೇ ಮಾದಪ್ಪನಿಗೆ ಹರಕೆ ಕಟ್ಕಂಡೆ. ಆಪ್ರೇಸನ್ ಸುಸೂತ್ರವಾಗಿ ಆಗೋಗಂಟ ಚಪ್ಲಿ ಮೆಟ್ಟಾಕಿಲ್ಲ ಅಂತ.”

ಇಂದುಧರ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಶಸ್ತ್ರಚಿಕಿತ್ಸೆ ಆಗಲೆಂದು ಹರಕೆ, ಹರಕೆಯಿಂದ ಹುಳು, ಹುಳುವಿನಿಂದ ಶಸ್ತ್ರಚಿಕಿತ್ಸೆ ಮುಂದಕ್ಕೆ, ಅದು ಮುಂದಕ್ಕೆ ಹೋದಷ್ಟೂ ಹರಕೆಯೂ ಮುಂದಕ್ಕೆ! ಇಷ್ಟು ಸಲ ಆಸ್ಪತ್ರೆಗೆ ಬಂದವಳ ಕಾಲು ಯಾರ ಕಣ್ಣಿಗೂ ಬೀಳಲಿಲ್ಲವೇ? ಬೀಳುವುದಾದರೂ ಹೇಗೆ? ಡಾಕ್ಟರ ಕೋಣೆಗೆ ಎಲ್ಲರೂ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುತ್ತಾರೆ. ಬಾಗಿಲಲ್ಲಿ ಈಕೆಯ ಚಪ್ಪಲಿ ಇದೆಯೋ ಇಲ್ಲವೋ ಎಂದು ಯಾವ ಡಾಕ್ಟರೂ ಕೇಳಿರಲಿಲ್ಲ, ಇಂದುಧರರೂ ಕೇಳಿರಲಿಲ್ಲ.

“ಹುಳಕ್ಕೆ ಮಾತ್ರೆ ಕೊಡ್ತೀನಿ. ಆದರೆ ಬರಿಗಾಲಲ್ಲಿ ಸೊಪ್ಪಿನ ಮಡಿಗಿಳಿದರೆ ಮತ್ತೆ ಹತ್ತುತ್ತೆ. ಇವತ್ತಿಂದಲೇ ಚಪ್ಪಲಿ ಹಾಕ್ಕೊಳ್ಳಿ.”

“ಆಗಾಕಿಲ್ಲ ಸ್ವಾಮಿ. ಹರಕೆ ಮುರಿದ್ರೆ, ಕತ್ತಿ ಕೆಳಗೆ ಮಲಗ್ದಾಗ ನನ್ನ ಕಾಯೋರ್ಯಾರು?”

ಎಷ್ಟು ಹೇಳಿದರೂ ಆಕೆ ಜಗ್ಗಲಿಲ್ಲ. ಸಾಕಾಗಿ ಇಂದುಧರ ಮಗಳತ್ತ ತಿರುಗಿದರು. “ನೀನಾದರೂ ಹೇಳಮ್ಮ.”

ಚೆಲುವಿ ಪಾದಗಳನ್ನು ಸ್ಟೂಲಿನ ಕೆಳಗೆ ಎಳೆದುಕೊಂಡಳು.

“ನಿನ್ನ ಚಪ್ಪಲಿ ಎಲ್ಲಿದೆ?”

ಇಂದುಧರ ಹುಡುಗಿಯ ಬೆರಳನ್ನೂ ಗೂಡಿನೊಳಗೆ ಇಡಿಸಿದರು. ನೀಲಿ ಬೆಳಕು ಹಾದುಹೋಯಿತು. ಕೊಕ್ಕೆಹುಳುವೇ! ರಕ್ತವೋ, ತಾಯಿಗಿಂತಲೂ ಕಡಿಮೆ!

“ನೀನೂ ಹರಕೆ ಕಟ್ಕಂಡಿದ್ದೀಯಾ?” ಕೆಂಪಾಜಮ್ಮ ಮಗಳತ್ತ ತಿರುಗಿದಳು.

“ನಿಂಗೇನೂ ಆಗ್ಬಾರ್ದು ಅಂತ, ಅವ್ವ.”

ಕೆಂಪಾಜಮ್ಮ ಮಗಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ಒಳಗೆ ಸುಣ್ಣದಂತೆ ಬಿಳುಪು. ಮರುಕ್ಷಣ ಬಗ್ಗಿ, ಡಾಕ್ಟರು ಕೋಣೆಯೊಳಗೆ ಮೆಟ್ಟಿಕೊಂಡಿದ್ದ ರಬ್ಬರ್ ಚಪ್ಪಲಿಗೇ ಕೈ ಹಾಕಿದಳು.

“ಬುಡಿ ಸ್ವಾಮಿ ಇವ್ನ.”

ಇಂದುಧರ ಬೆಪ್ಪಾಗಿ ಕಾಲೆತ್ತಿದರು. ಚಪ್ಪಲಿಗಳು ಚೆಲುವಿಯ ಮುಂದೆ ಬಿದ್ದವು.

“ಮೆಟ್ಟು.”

“ಹರಕೆ ಮುರಿದ್ರೆ ಆಪ್ರೇಸನ್ನಲ್ಲಿ ನಿಂಗೆ...”

“ಆದ್ರೆ ನಂಗಾಯ್ತದೆ! ನಿನ್ ರಕ್ತ ಕುಡ್ಸಿ ನನ್ ಜೀವ ಉಳ್ಸೋ ಹರಕೆ ನಂಗ್ ಬ್ಯಾಡ. ಮೆಟ್ಟೇ ಮೂದೇವಿ!”

ಚೆಲುವಿ ಅಳುತ್ತಲೇ ತಲೆಯಾಡಿಸಿದಳು. “ನೀನು ಮೆಟ್ಟಿದ್ರೇನೇ ನಾನೂ ಮೆಟ್ಟೋದು.”

ಕೆಂಪಾಜಮ್ಮ ಮಗಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಬರಿಗಾಲಲ್ಲಿ ನಿಂತಿದ್ದ ಡಾಕ್ಟರತ್ತ ತಿರುಗಿದಳು.

“ಇನ್ನೊಂದ್ ಜೊತೆ ಇದ್ದಾವಾ, ಸ್ವಾಮಿ?”