ತೊಂಬತ್ತು ಮೀಟರ್ ಮೇಲೊಂದು ಕುರ್ಚಿ

ನೆಲದಿಂದ ತೊಂಬತ್ತು ಮೀಟರ್ ಮೇಲೆ ನಿಂತಿದ್ದೆ. ಕಾಲಡಿ ಕ್ರೇನಿನ ಕ್ಯಾಬಿನ್. ಅದರ ಕೆಳಗೆ ಬರೀ ಗಾಳಿ.

ಆಗ ಯಾರೋ ಹಿಂದಿನಿಂದ ನನ್ನ ಕತ್ತಿನ ಪಟ್ಟಿ ಹಿಡಿದರು.

ನೀವು ಗಾಬರಿಯಾಗಬೇಡಿ. ಕ್ರೇನ್ ಸುಳ್ಳು. ಗಾಳಿ ಸುಳ್ಳು. ತೊಂಬತ್ತು ಮೀಟರೂ ಸುಳ್ಳು. ನಾನಿದ್ದದ್ದು ಎರಡನೆಯ ಮಹಡಿಯ ನನ್ನ ಆಫೀಸಿನಲ್ಲಿ, ಮುಖಕ್ಕೆ ವಿಆರ್ ಹೆಡ್‌ಸೆಟ್ ಬಿಗಿದುಕೊಂಡು.

ಕೈ ಮಾತ್ರ ನಿಜ. ಗ್ರೀಸಿನ ವಾಸನೆಯ ದಪ್ಪ ಕೈ.

“ಪೆನ್‌ಡ್ರೈವ್ ಎಲ್ಲಿ, ಅಜ್ಜಿ?”

ಅಜ್ಜಿ ಅಂದ! ನನಗೆ ಐವತ್ತೊಂಬತ್ತು. ಅವನ ಮೇಲೆ ಹುಟ್ಟಬಹುದಾಗಿದ್ದ ಕರುಣೆ ಅಲ್ಲಿಗೇ ಸತ್ತಿತು.

ಇರಲಿ, ಅವನು ಹಾಗೆಯೇ ಹಿಡಿದುಕೊಂಡಿರಲಿ. ನಾನು ಅಲ್ಲಿಗೆ ಹೇಗೆ ಏರಿದೆ ಎಂಬುದನ್ನು ಹೇಳಿಬಿಡುತ್ತೇನೆ.

ಬಾಡಿಗೆಗೆ ಸುಳ್ಳು ಹಿಡಿಯುವುದು ನನ್ನ ಕಸುಬು. ವಿಮೆಯ ಸುಳ್ಳು, ಮದುವೆಯ ಸುಳ್ಳು, ಮನೆ ಮಾಲೀಕರ ಸುಳ್ಳು. ಆ ಬುಧವಾರ ಬಂದವಳು ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಯುವ ಹೆಂಗಸು. ಕೆಲಸದಿಂದ ನೇರ ಬಂದಿದ್ದಳು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಅವಳ ಗಂಡ ಕಟ್ಟಡದ ಸೈಟಿನಲ್ಲಿ ಟವರ್ ಕ್ರೇನ್ ಆಪರೇಟರ್. ಅವಳ ತಮ್ಮ ಅದೇ ಸೈಟಿನಲ್ಲಿ ಕಬ್ಬಿಣದ ಸರಳು ಬಗ್ಗಿಸುವವನು.

ಹದಿನೈದು ದಿನದ ಹಿಂದೆ ಊಟದ ಹೊತ್ತಿನಲ್ಲಿ ಇಬ್ಬರೂ ಇಸ್ಪೀಟು ಆಡಿದ್ದಾರೆ. ತಮ್ಮ, ತೊಡೆಯ ಕೆಳಗೆ ಎಲೆ ಮುಚ್ಚಿಟ್ಟು ಸಿಕ್ಕಿಬಿದ್ದಿದ್ದಾನೆ. ಭಾವ ಎದ್ದು ನಿಂತು, ಹನ್ನೆರಡು ಜನರ ಮುಂದೆ, ನಿನ್ನ ಮೇಲೆ ಒಂದು ಲೋಡ್ ಕಬ್ಬಿಣ ಇಳಿಸುತ್ತೇನೆ ನೋಡ್ತಾ ಇರು ಎಂದಿದ್ದಾನೆ.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ತಮ್ಮನ ಮೇಲೆ ಒಂದು ಲೋಡ್ ಕಬ್ಬಿಣ ಇಳಿಯಿತು.

ಕಾಲು ಎರಡು ಕಡೆ ಮುರಿದಿತ್ತು.

ತನಗೆ ಕೆಳಗೆ ಯಾರೂ ಕಾಣಲಿಲ್ಲ, ವಾಕಿಟಾಕಿಯಲ್ಲಿ ಇಳಿಸು ಎಂದರು, ಇಳಿಸಿದೆ ಎನ್ನುತ್ತಾನೆ ಆಪರೇಟರ್. ಕೆಳಗಿನಿಂದ ಸೂಚನೆ ಕೊಡುವ ವಾಕಿಟಾಕಿಯವನು ನಾನು ಬಾಯೇ ಬಿಟ್ಟಿಲ್ಲ ಎನ್ನುತ್ತಾನೆ. ಸೈಟ್ ಮ್ಯಾನೇಜರನ ಮಾತು ಇನ್ನೂ ಸೊಗಸು: ಮೇಲಿನಿಂದ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ಇದು ಅಪಘಾತವಲ್ಲ, ಹಗೆ.

ಮೊದಲ ವಿಚಾರಣೆಗೆ ಕಂಪನಿಯ ಇಂಜಿನಿಯರ್ ದುಬಾರಿ ಹೆಡ್‌ಸೆಟ್ ತಂದಿದ್ದನಂತೆ. ಕ್ರೇನನ್ನೂ ಸೈಟನ್ನೂ ಸ್ಕ್ಯಾನ್ ಮಾಡಿ ತ್ರೀಡಿಯಲ್ಲಿ ಕೂಡಿಸಿ, ತಮ್ಮ ನಿಂತಿದ್ದ ಜಾಗದಲ್ಲಿ ಒಂದು ಗೊಂಬೆ ನಿಲ್ಲಿಸಿದ್ದ. ವಿಚಾರಣಾಧಿಕಾರಿ ಅದನ್ನು ಹಾಕಿಕೊಂಡು ಕೆಳಗೆ ನೋಡಿದರು. ಚೆನ್ನಾಗಿಯೇ ಕಾಣುತ್ತಾನಲ್ಲ ಎಂದರು. ಶುಕ್ರವಾರ ಮೂರು ಗಂಟೆಗೆ ಎರಡನೆಯ, ಕೊನೆಯ ವಿಚಾರಣೆ. ಅಲ್ಲಿಯೂ ಅದೇ ಮಾತು ಬಂದರೆ ಲೈಸೆನ್ಸ್ ರದ್ದು, ಕಡತ ಪೊಲೀಸರಿಗೆ.

ಅವಳು ಇಷ್ಟನ್ನೂ ಬಟ್ಟೆಯ ಅಳತೆ ಒಪ್ಪಿಸುವವಳಂತೆ ಹೇಳಿದಳು.

“ಅಕ್ಕಾ, ಲೈಸೆನ್ಸ್ ಹೋದ್ರೆ ಹೋಗ್ಲಿ. ನನಗೆ ಒಂದೇ ಗೊತ್ತಾಗ್ಬೇಕು. ಇವರು ನನ್ನ ತಮ್ಮನ್ನ ಕಂಡು ಇಳಿಸಿದ್ರಾ, ಕಾಣದೆ ಇಳಿಸಿದ್ರಾ?”

“ಕಂಡಿದ್ರೆ?”

“ಆ ಮನೇಲಿ ನಾನಿರಲ್ಲ.”

ಕೆಲಸ ಮುಗಿದ ಮೇಲೆ ತಮ್ಮನ ಹಾಸಿಗೆಯ ಪಕ್ಕ, ರಾತ್ರಿ ಗಂಡನಿಗೆ ಅಡುಗೆ. ಹದಿನೈದು ದಿನದಿಂದ ಗಂಡನ ಮುಖ ನೋಡಿಲ್ಲ.

ಅಧಿಕಾರಿ ಆ ತ್ರೀಡಿ ಫೈಲಿನ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಎರಡೂ ಕಡೆಯವರಿಗೆ ಕೊಟ್ಟಿದ್ದರು. ನಾನು ಕಂಪನಿಗೆ ಫೋನು ಮಾಡಿ ಹೆಡ್‌ಸೆಟ್ ಒಂದು ಗಂಟೆ ಕೊಡುತ್ತೀರಾ ಎಂದೆ. ರಿಪೇರಿಗೆ ಹೋಗಿದೆ ಎಂದರು. ಯಾವಾಗ ಬರುತ್ತದೆ ಎಂದೆ. ಶನಿವಾರ ಎಂದರು.

ಎಷ್ಟು ಅಚ್ಚುಕಟ್ಟು ನೋಡಿ!

ಹಾಗಾಗಿ ವಾರಂಟಿಯ ಅಂಗಡಿಗೆ ಹೋದೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಸಾಮಾನಿನವನು. ಜನ್ಮದಲ್ಲಿ ಯಾರಿಗೂ ವಾರಂಟಿ ಕೊಟ್ಟವನಲ್ಲ, ಅದಕ್ಕೇ ಆ ಹೆಸರು. ಬಜೆಟ್ ಎಷ್ಟು ಎಂದು ಕೇಳಿದ. ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಹಿಂದಿನ ಸಾಲಿನಿಂದ ಒಂದು ಡಬ್ಬಿ ಎಳೆದ.

ತಯಾರಿಸುವುದನ್ನೇ ನಿಲ್ಲಿಸಿದ ಮಾಡೆಲ್. ಮುಂದೆ ಎರಡು ಕ್ಯಾಮೆರಾ ಕಣ್ಣು. ಗೋಡೆಗೆ ಏನನ್ನೂ ಮೊಳೆ ಹೊಡೆದು ಕೂರಿಸಬೇಕಿಲ್ಲ, ಆ ಕಣ್ಣುಗಳೇ ಕೋಣೆಯನ್ನು ನೋಡಿಕೊಳ್ಳುತ್ತವೆ ಎಂದ. ಹಿಡಿಯಲು ಎರಡು ಕಂಟ್ರೋಲರ್. ಹಣೆಗೆ ತಾಗುವ ಸ್ಪಂಜು ಹಿಂದಿನ ಮೂವರು ಮಾಲೀಕರ ಬೆವರನ್ನು ನಿಷ್ಠೆಯಿಂದ ಕಾಪಾಡಿಕೊಂಡಿತ್ತು.

ಹಾಕಿ ನೋಡಿದೆ. ಎಡ ಮೂಲೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಕಪ್ಪು. ಯಾರೋ ಬಿಸಿಲಿನಲ್ಲಿಟ್ಟಿದ್ದರು. ಲೆನ್ಸ್ ಬಿಸಿಲನ್ನು ಕೂಡಿಸಿ ಒಳಗಿನ ಪರದೆಯನ್ನೇ ಸುಡುತ್ತದೆ. ಆ ಚುಕ್ಕೆ ತೋರಿಸಿ ಬೆಲೆ ಇಳಿಸಿದೆ. ನನ್ನ ಕಂಪ್ಯೂಟರಿಗೆ ಇದನ್ನು ಎಳೆಯುವ ಶಕ್ತಿಯಿಲ್ಲ ಎಂದು ಅವನು ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ಸೇರಿಸಿ ಬೆಲೆ ಮತ್ತೆ ಏರಿಸಿದ.

ವಾರಂಟಿ ಇದೆಯೇನಪ್ಪಾ ಎಂದೆ.

“ಮೆಟ್ಟಿಲು ಇಳಿಯೋವರೆಗೂ ಇದೆ ಅಕ್ಕಾ. ಒಟ್ಟು ಹದಿನಾಲ್ಕು ಮೆಟ್ಟಿಲು.”

ಗುರುವಾರವಿಡೀ ಕುಸ್ತಿ. ಕಾರ್ಡ್ ಕೂರಿಸಿದೆ, ತಂತಿ ಚುಚ್ಚಿದೆ, ಹೆಡ್‌ಸೆಟ್ ಹಾಕಿಕೊಂಡೆ. ಕತ್ತಲೆ. ಬಿಚ್ಚಿ ಮತ್ತೆ ಚುಚ್ಚಿದೆ. ಇನ್ನೂ ಒಳ್ಳೆಯ ಕತ್ತಲೆ.

ವಾರಂಟಿಗೆ ಫೋನು ಮಾಡಿದರೆ ಯಾವ ತೂತಿಗೆ ಚುಚ್ಚಿದಿರಿ ಎಂದ. ಮೇಲಿನದಕ್ಕೆ ಎಂದೆ. ಅದು ಕಂಪ್ಯೂಟರಿನ ಸ್ವಂತ ತೂತು, ಕೆಳಗೆ ಅಡ್ಡಡ್ಡ ಇರುವುದು ಕಾರ್ಡಿನದು, ಅಷ್ಟು ಕೊಟ್ಟು ಕಾರ್ಡ್ ಕೊಂಡು ಅದನ್ನು ಕೇಳದೇ ಬಿಟ್ಟರೆ ಅದಕ್ಕೆ ಬೇಜಾರಾಗುವುದಿಲ್ಲವೇ ಎಂದ. ಇನ್ನೊಂದು ತಂತಿ ನೀಲಿ ಬಾಯಿಯ ಯುಎಸ್‌ಬಿಗೇ ಹೋಗಬೇಕಂತೆ, ಕಪ್ಪು ಬಾಯಿಯದು ಸೋಮಾರಿಯಂತೆ. ಚಾರ್ಜು ಮಾಡುವ ಬ್ಯಾಟರಿ ಹಾಕಿದ್ದರಿಂದ ಕಂಟ್ರೋಲರ್ ಗಳಿಗೆಗೊಮ್ಮೆ ಮೂರ್ಛೆ ಹೋಗುತ್ತಿತ್ತು. ಹೊಸ ಸಾದಾ ಬ್ಯಾಟರಿ ಹಾಕಿದೆ, ಎದ್ದು ಕೂತಿತು.

ಆಮೇಲೆ ಹೆಡ್‌ಸೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕೂಸಿಗೆ ಹೊಸ ಮನೆ ತೋರಿಸುವಂತೆ, ಕೋಣೆಯ ಅಂಚಿನುದ್ದಕ್ಕೂ ನಡೆಯಬೇಕು. ಇದರಾಚೆ ಗೋಡೆ, ಇದರಾಚೆ ಮೇಜು ಎಂದು ಅದು ಗೆರೆ ಹಾಕಿಕೊಳ್ಳುತ್ತದೆ. ನನ್ನ ಬೀರುವಿನ ಕನ್ನಡಿ ನೋಡಿ ಅದಕ್ಕೆ ತಲೆತಿರುಗಿತು. ಕೋಣೆ ತೇಲಿತು. ಕನ್ನಡಿಗೆ ಬೆಡ್‌ಶೀಟ್ ಹೊದಿಸಿದ ಮೇಲೆ ಸರಿಹೋಯಿತು. ಕೊನೆಗೆ ಅದೊಂದು ಪ್ರಶ್ನೆ ಕೇಳಿತು: ನಿಂತು ನೋಡುತ್ತೀರೋ, ಕೂತು ನೋಡುತ್ತೀರೋ? ಕಂಪನಿಯವರೂ ಅಧಿಕಾರಿಯೂ ನಿಂತೇ ನೋಡಿದ್ದರು. ನಾನೂ ನಿಂತು ಎಂದು ಒತ್ತಿದೆ.

ಶುಕ್ರವಾರ ಮಧ್ಯಾಹ್ನ ಒಂದೂಕಾಲಿಗೆ ಕ್ರೇನ್ ಏರಿದೆ.

ಕ್ಯಾಬಿನ್ನಿಗೆ ಚಾವಣಿಯಿರಲಿಲ್ಲ. ಮುಚ್ಚಳ ತೆಗೆದ ಡಬ್ಬಿಯಂತಿತ್ತು. ಎದುರಿಗೆ ಕಂಪನಿಯ ದೊಡ್ಡ ಕೆಂಪು ನಾಮಫಲಕ, ನನ್ನ ಎದೆಯೆತ್ತರಕ್ಕೆ. ಬಾಗಿ ನೋಡಿದೆ. ಕೆಳಗೆ ಗೊಂಬೆ. ಹಳದಿ ಟೋಪಿ, ನೀಲಿ ಅಂಗಿ... ಗುಂಡಿ ಎಣಿಸಬಹುದಿತ್ತು.

ಕಂಡಿದ್ದಾನೆ. ಕಂಡೇ ಇಳಿಸಿದ್ದಾನೆ. ಆ ಹೆಂಗಸಿಗೆ ಏನು ಹೇಳಲಿ?

ಆಗಲೇ ಕತ್ತಿನ ಪಟ್ಟಿಗೆ ಕೈ ಬಿದ್ದದ್ದು.

ದನಿಯಿಂದ ಗುರುತಾಯಿತು, ಫೋನಿನಲ್ಲಿ ಶನಿವಾರ ಎಂದವನದೇ. ಮ್ಯಾನೇಜರನ ಬಲಗೈ ಬಂಟ. ಸೈಟಿನಲ್ಲಿ ಎಲ್ಲರೂ ಅವನನ್ನು ಹೆಲ್ಮೆಟ್ ಎನ್ನುತ್ತಾರೆ. ಊಟಕ್ಕೂ ತೆಗೆಯುವುದಿಲ್ಲವಂತೆ. ಪೆನ್‌ಡ್ರೈವ್ ಡ್ರಾಯರಿನಲ್ಲಿದೆ ಎಂದೆ. ಸುಳ್ಳು, ಕಂಪ್ಯೂಟರಿಗೇ ಚುಚ್ಚಿದೆ ಎಂದ. ಬುದ್ಧಿಯಿದೆ ಎಂದೆ. ಅದಕ್ಕೆ ಅವನು ನನ್ನನ್ನು ಜೋರಾಗಿ ತಳ್ಳಿದ.

ಹಿಂದೆ ನನ್ನ ಕುರ್ಚಿಯಿತ್ತು. ದೊಪ್ಪನೆ ಕೂತೆ.

ಲೋಕ ಮುಳುಗಿತು.

ಕಣ್ಣೆದುರು ಬರೀ ತಗಡು. ಬೋಲ್ಟು, ತುಕ್ಕು. ನಾಮಫಲಕದ ಬೆನ್ನು. ಮೇಲೆ ಒಂದು ಪಟ್ಟಿ ಆಕಾಶ. ಗೊಂಬೆ ಇಲ್ಲ. ಕತ್ತು ಚಾಚಿದೆ. ಇಲ್ಲ.

ಎದ್ದೆ. ಗೊಂಬೆ. ಕೂತೆ. ತಗಡು.

“ಒಂದು ನಿಮಿಷ ಇರಪ್ಪ,” ಎಂದೆ ಹೆಲ್ಮೆಟ್‌ಗೆ.

ಮತ್ತೆ ಎದ್ದೆ, ಮತ್ತೆ ಕೂತೆ. ಅವನು ಎಷ್ಟೋ ಜನರನ್ನು ಹೆದರಿಸಿರಬೇಕು, ಯಾರೂ ಅವನ ಮುಂದೆ ಬಸ್ಕಿ ಹೊಡೆದಿರಲಿಕ್ಕಿಲ್ಲ.

ಕ್ರೇನ್ ಆಪರೇಟರ್ ಕೂತು ಕೆಲಸ ಮಾಡುತ್ತಾನೆ ಸ್ವಾಮಿ! ಸನ್ನೆಕೋಲುಗಳೆಲ್ಲ ಕುರ್ಚಿಯ ತೋಳಿನಲ್ಲೇ ಇರುತ್ತವೆ. ಆಫೀಸಿನಲ್ಲಿ ಕೂತು ಫೈಲು ಮಾಡಿದವರು ಮಾತ್ರ ಕ್ರೇನಿನಲ್ಲಿ ನಿಲ್ಲುತ್ತಾರೆ.

ಅಗ್ಗದ ಹೆಡ್‌ಸೆಟ್ಟಿಗೆ ಒಂದು ಗುಣವಿದೆ. ಮೂಗಿನ ಹತ್ತಿರ ಸರಿಯಾಗಿ ಮುಚ್ಚುವುದಿಲ್ಲ. ಆ ಸಂದಿಯಿಂದ ನೆಲ ಕಂಡಿತು, ನೆಲದ ಮೇಲೆ ಅವನ ಬೂಟು. ಮುಂಭಾಗಕ್ಕೆ ಉಕ್ಕು ಕೂರಿಸಿದ ಬೂಟು, ತುಳಿದರೆ ನನ್ನ ಕಾಲೇ ಹೋಗುತ್ತಿತ್ತು. ಬೂಟಿನ ಮೇಲಿದ್ದ ಕಣಕಾಲ ಮೂಳೆಗೆ ಉಕ್ಕು ಇರಲಿಲ್ಲ.

ಒದ್ದೆ.

ಅವನು ಬಾಗಿದ. ನಾನು ಹೆಡ್‌ಸೆಟ್ ಕಿತ್ತು, ಕನ್ನಡಿಯ ಬೆಡ್‌ಶೀಟ್ ಎಳೆದು ಅವನ ತಲೆಯ ಮೇಲೆ ಹಾಕಿ, ಎರಡು ಸುತ್ತು ಸುತ್ತಿ ಬೀರುವಿನ ಕಡೆ ನೂಕಿದೆ. ಕನ್ನಡಿ ಒಡೆಯಿತು. ಹೆಲ್ಮೆಟ್ ಒಡೆಯಲಿಲ್ಲ.

ಹೆಡ್‌ಸೆಟ್ ಚೀಲಕ್ಕೆ. ಕಂಪ್ಯೂಟರ್ ಡಬ್ಬ ಕಂಕುಳಿಗೆ. ಅದಿಲ್ಲದೆ ಹೆಡ್‌ಸೆಟ್ ಬರೀ ಕುರುಡು ಕನ್ನಡಕ. ಮಂಡಿ ಎರಡೂ ಬೈಯುತ್ತಿದ್ದರೂ ಮೆಟ್ಟಿಲಿಳಿದು ಓಡಿದೆ, ಹೊರಡುತ್ತಿದ್ದ ಬಸ್ಸು ಹತ್ತಿದೆ. ಹಿಂದೆ ಬೈಕು. ಬೈಕಿನ ಮೇಲೆ, ಇನ್ನೂ ಒಂದು ಭುಜಕ್ಕೆ ಬೆಡ್‌ಶೀಟ್ ಸಿಕ್ಕಿಸಿಕೊಂಡಿದ್ದ ಹೆಲ್ಮೆಟ್. ಕಿಟಕಿಯ ಪಕ್ಕಕ್ಕೆ ಬಂದು ಚೀಲಕ್ಕೆ ಕೈ ಹಾಕಿದ. ಕಿಟಕಿಯ ಗಾಜನ್ನು ಅವನ ಬೆರಳ ಮೇಲೆ ಸರಿಸಿದೆ. ಬೈಕು ಓಲಾಡಿ ಹಿಂದುಳಿಯಿತು.

ಕಂಡಕ್ಟರ್ ಬಂದು ಎಲ್ಲ ನೋಡಿದ. ಡಬ್ಬಕ್ಕೆ ಲಗೇಜ್ ಟಿಕೆಟ್ ಹರಿದು ಕೊಟ್ಟ.

ಮೂರಕ್ಕೆ ಐದು ನಿಮಿಷವಿತ್ತು. ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ, ಮ್ಯಾನೇಜರ್, ಆರಡಿ ಎತ್ತರದ ಇಂಜಿನಿಯರ್. ಒಂದು ಮೂಲೆಯಲ್ಲಿ ಆಪರೇಟರ್, ಇನ್ನೊಂದು ಮೂಲೆಯಲ್ಲಿ ಅವನ ಹೆಂಡತಿ, ಬಾಗಿಲಲ್ಲಿ ವಾಕಿಟಾಕಿಯವನು. ಈಗಾಗಲೇ ನೋಡಿದ್ದನ್ನು ಮತ್ತೆ ಯಾಕೆ ನೋಡಬೇಕೆಂದು ಮ್ಯಾನೇಜರ್ ತಗಾದೆ ತೆಗೆದ. ಅಧಿಕಾರಿಗೆ ಆಟಿಕೆಯನ್ನು ಇನ್ನೊಮ್ಮೆ ಹಾಕಿಕೊಳ್ಳುವ ಆಸೆಯಿತ್ತು. ಟೈಪಿಸ್ಟನ ಕಂಪ್ಯೂಟರ್ ಪರದೆ ಎರವಲು ಪಡೆದು ಡಬ್ಬಕ್ಕೆ ಜೋಡಿಸಿದೆ. ಕೆಳಗಿನ ತೂತು. ನೀಲಿ ಬಾಯಿ. ಎಂಟು ನಿಮಿಷಕ್ಕೆ ಕ್ರೇನ್ ಸಿದ್ಧ. ಈ ಸಲ ಕೂತು ಎಂದು ಒತ್ತಿದೆ.

ಕಂಪನಿಯದೇ ನಕ್ಷೆಯಲ್ಲಿ ಆಪರೇಟರನ ಸೀಟಿನ ಎತ್ತರ ಇಪ್ಪತ್ತು ಇಂಚು. ಹೆಂಡತಿ ಕೊರಳಿನ ಟೇಪು ತೆಗೆದು ಅಧಿಕಾರಿಯ ಕುರ್ಚಿ ಅಳೆದಳು. ಎರಡು ಇಂಚು ಕಡಿಮೆ. ಎರಡು ಕಡತ ಹಾಕಿ ಅವರನ್ನು ಕೂರಿಸಿದೆವು.

“ಏನು ಕಾಣುತ್ತೆ ಸರ್?”

“ಬೋರ್ಡು.”

“ಕೆಳಗೆ ಹುಡುಗ?”

ಅವರು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು.

“ಬೋರ್ಡೇ ಕಾಣೋದು.”

“ಈಗ ನಿಂತ್ಕೊಳ್ಳಿ.”

“ಹುಡುಗ ಕಂಡ. ಆದ್ರೆ... ಇಲ್ಲಿ ಚಾವಣಿ ಎಲ್ರೀ?”

ಫೈಲು ಭಾರವಾಗುತ್ತದೆಂದು ಚಾವಣಿ ಕಿತ್ತಿದ್ದೆವು ಎಂದು ಇಂಜಿನಿಯರ್ ನೆಲ ನೋಡಿಕೊಂಡು ಹೇಳಿದ. ನಕ್ಷೆಯ ಪ್ರಕಾರ ಕ್ಯಾಬಿನ್ನಿನ ಒಳ ಎತ್ತರ ಐದೂವರೆ ಅಡಿ. ನೀವು ಎಷ್ಟೆತ್ತರ ಎಂದೆ. ಅವನ ಕೈ ತಲೆಗೆ ಹೋಯಿತು. ಅವನು ಮೊನ್ನೆ ತೋರಿಸಿದ ನೋಟ ತಲೆ ಚಾವಣಿ ತೂರಿ ಹೊರಬಂದವನ ನೋಟ.

ಆ ಬೋರ್ಡು ಹಾಕಿಸಿದವರು ಯಾರು ಎಂದು ಅಧಿಕಾರಿ ಹೆಡ್‌ಸೆಟ್ ತೆಗೆಯದೆಯೇ ಕೇಳಿದರು. ಆಪರೇಟರ್ ಮೊದಲ ಸಲ ಬಾಯಿ ತೆರೆದ. ಮ್ಯಾನೇಜರ್ ಹಾಕಿಸಿದ್ದು, ಅಡ್ಡ ಬರುತ್ತದೆಂದು ಮೂರು ಸಲ ಹೇಳಿದ್ದೆ, ಹೈವೇಯಿಂದ ಚೆನ್ನಾಗಿ ಕಾಣುತ್ತದೆ ಎಂದರು, ಮೊನ್ನೆ ಗೊಂಬೆ ಕಂಡ ಮೇಲೆ ನನ್ನ ಮಾತು ಯಾರು ನಂಬುತ್ತಿದ್ದರು ಎಂದ. ವಾಕಿಟಾಕಿಯವನಿಗೂ ಅಷ್ಟರಲ್ಲಿ ನೆನಪು ಮರಳಿತ್ತು. ಬಾಗಿಲಿನಿಂದಲೇ, ಇಳಿಸು ಎಂದದ್ದು ತಾನೇ ಎಂದು ಒಪ್ಪಿಕೊಂಡ.

ಲೈಸೆನ್ಸ್ ಉಳಿಯಿತು. ಬೋರ್ಡು ಅಂದೇ ಇಳಿಸಬೇಕೆಂದು ಆದೇಶವಾಯಿತು. ಮ್ಯಾನೇಜರನ ಮೇಲೆ ಪ್ರತ್ಯೇಕ ಕಡತ. ಕುಂಟುತ್ತಾ ಬಂದ ಹೆಲ್ಮೆಟ್ ಬಾಗಿಲಲ್ಲಿ ಇದನ್ನೆಲ್ಲ ಕೇಳಿ, ಬೆಡ್‌ಶೀಟ್ ಮಡಚಿ ನನ್ನ ಕೈಗೆ ಕೊಟ್ಟು ಹೋದ.

ಹೆಂಡತಿ ಗಂಡನ ಕಡೆ ತಿರುಗಿದಳು. ಹದಿನೈದು ದಿನದ ಮೇಲೆ ನೇರ ಮುಖಕ್ಕೆ ನೋಡಿದಳು. ಅವನೇನೋ ಹೇಳಲು ಹೊರಟ. ಅವಳು ಬೇಡವೆಂದು ತಲೆಯಾಡಿಸಿ, ಅವನ ಅಂಗಿಯ ತಪ್ಪು ಹಾಕಿದ್ದ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು.

ಆಮೇಲೆ ಮೂವರೂ ಆಸ್ಪತ್ರೆಗೆ ಹೋದೆವು. ಗಂಡ ವಾರ್ಡಿನ ಹೊರಗೇ ನಿಂತ. ಒಳಗೆ ತಮ್ಮ, ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ಅಕ್ಕ ಎಲ್ಲ ಹೇಳಿದಳು. ಬೋರ್ಡು, ಕುರ್ಚಿ, ಟೇಪು, ಕನ್ನಡಕ... ನಿನ್ನ ಭಾವ ನಿನ್ನನ್ನು ಕಂಡೇ ಇರಲಿಲ್ಲ ಕಣೋ ಎಂದು ಅತ್ತಳು. ಅವನು ಒಂದು ತೊಳೆ ಬಾಯಿಗೆ ಹಾಕಿಕೊಂಡು ಸಾವಧಾನವಾಗಿ ಅಗಿದ.

“ಅದು ನನಗೆ ಮೊದಲ ದಿನವೇ ಗೊತ್ತಿತ್ತಲ್ಲಕ್ಕಾ.”

ಮತ್ತೆ ಯಾಕೋ ಹೇಳಲಿಲ್ಲ ಎಂದಳು ಅಕ್ಕ.

“ನೀನು ಕೇಳಿದ್ಯಾ? ಹದಿನೈದು ದಿನದಿಂದ ಪಕ್ಕದಲ್ಲೇ ಕೂತಿದ್ದೀಯ. ಯಾರಾದ್ರೂ ಒಬ್ರು ಕೇಳಿದ್ರಾ?”

ಸರಿ, ನಾನು ಕೇಳಿದೆ. ಮೇಲಿರುವವನು ಕಂಡನೋ ಇಲ್ಲವೋ, ಕೆಳಗೆ ನಿಂತವನಿಗೆ ಹೇಗಪ್ಪಾ ಗೊತ್ತಾಗುತ್ತದೆ?

ಅವನು ಸಿಪ್ಪೆಯನ್ನು ತಟ್ಟೆಗೆ ಹಾಕಿ ಬಾಯಿ ಒರೆಸಿಕೊಂಡ.

“ಭಾವ ಕಂಡು ಇಳಿಸಿದ್ದಿದ್ರೆ, ಈಗ ನೀವು ನನ್ನ ಫೋಟೋ ಜೊತೆ ಮಾತಾಡ್ತಿದ್ರಿ.”