ಕಾಗದದ ಮೇಲಿನ ವರ್ಕಲಾ

1994ರ ಮೇ 23, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕಲಬುರಗಿಯ ಬ್ರಹ್ಮಪುರ ಠಾಣೆಯ ಮೆಟ್ಟಿಲು ಹತ್ತಿದ ಸಾಯಬಣ್ಣ ದೂರು ಬರೆದುಕೊಂಡು ಬಂದಿರಲಿಲ್ಲ. ಬರೆಯಲು ಕೂತರೆ ಕೈ ಓಡಲಿಲ್ಲ ಎಂದ. ಇನ್ಸ್‌ಪೆಕ್ಟರ್ ಖಮರುದ್ದೀನ್ ಅವನನ್ನು ಕೂರಿಸಿ ನೀರು ಕೊಡಿಸಿದರು. ಹೆಡ್ ಕಾನ್‌ಸ್ಟೇಬಲ್ ಅಮೋಘಸಿದ್ದ ಕಾಗದದ ನಡುವೆ ಕಾರ್ಬನ್ ಇಟ್ಟುಕೊಂಡು ಕಾದ.

"ಏನಾಗ್ಯಾದ, ಹೇಳ್ರಿ."

"ನಮ್ಮ ಅಕ್ಕ ತೀರಿಕೊಂಡಾಳ್ರಿ. ನೀಲಗಂಗಮ್ಮ ಅಂತ. ಶನಿವಾರ ಮಣ್ಣು ಮಾಡೀವಿ."

"ಹ್ಯಾಂಗ ತೀರಿಕೊಂಡ್ರು?"

"ಅದೇ ಗೊತ್ತಾಗಬೇಕ್ರಿ ಸಾಹೇಬ್ರ. ಎಲ್ಲಿ ಸತ್ತಳು, ಯಾವಾಗ ಸತ್ತಳು, ಅಷ್ಟು ತಿಳಿದ್ರ ಸಾಕು."

ನೀಲಗಂಗಮ್ಮನ ಗಂಡ ಅಣವೀರಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಹಿರಿಯ ಗುಮಾಸ್ತ. ಮಕ್ಕಳಿಲ್ಲ. ಸರ್ಕಾರ ತನ್ನ ಖರ್ಚಿನಲ್ಲಿ ನೌಕರರನ್ನು ದೇಶ ನೋಡಲು ಕಳಿಸುವ ಎಲ್‌ಟಿಸಿ ಎಂಬ ಸವಲತ್ತಿದೆಯಲ್ಲ, ಅದರಲ್ಲಿ ಗಂಡ ಹೆಂಡತಿ ಹನ್ನೆರಡು ದಿನ ಕಡಲ ದಂಡೆ, ಕಾಡು ಸುತ್ತಿ ಬರುತ್ತೇವೆಂದು ಹೇಳಿ ಹೋಗಿದ್ದರು. ಗುರುವಾರ ರಾತ್ರಿ ಕೇರಳದ ವರ್ಕಲಾದಲ್ಲಿ ವಾಂತಿಯಾಗಿ ಸತ್ತಳಂತೆ. ಎರಡು ದಿನ ಬಾಡಿಗೆ ಗಾಡಿಯಲ್ಲಿ ಹೆಣ ತಂದೆನೆಂದು ಅಣವೀರಪ್ಪ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆ ಮುಂದೆ ಇಳಿದಿದ್ದ.

"ಮೈ ತೊಳೆದ ಬಂಡಮ್ಮ ನನ್ನ ಹೆಂಡತಿಗಿ ಅಂದಾಳ್ರಿ, ಮೈ ಇನ್ನಾ ಬೆಚ್ಚಗಿತ್ತು ಅಂತ."

ಅಮೋಘಸಿದ್ದನ ಪೆನ್ನು ನಿಂತಿತು. ಖಮರುದ್ದೀನ್ ಮುಂದೆ ಬರೆ ಎಂಬಂತೆ ಕೈ ಆಡಿಸಿದರು. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಅವರು ಎಷ್ಟು ಹೆಣ ಕಂಡಿದ್ದರೆಂದರೆ, ಒಳಗೆ ಏನಾದರೂ ಅಲುಗಬೇಕಾದ ಕಡೆ ಈಗ ಏನೂ ಅಲುಗುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಅಸಹಜ ಸಾವು ಎಂದು ಪ್ರಕರಣ ದಾಖಲಾಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಬಂಡಮ್ಮನ ಹೇಳಿಕೆ. ಆಕೆ ಪೊಲೀಸರಿಗೆ ಹೆದರುವ ಪೈಕಿಯಲ್ಲ.

"ಮೇ ತಿಂಗಳ ಬಿಸಿಲಾಗ ಎರಡು ದಿನದ ಹೆಣ ಅಂದ್ರ ಮನಿಯೊಳಗ ನಿಲ್ಲಾಕ ಆಗ್ತದೇನ್ರಿ? ನಾ ಎಷ್ಟು ಹೆಣ ತೊಳದೀನಿ! ಆಕಿ ಅವತ್ತೇ ಸತ್ತಾಳ."

"ಮೈಮ್ಯಾಲಿನ ಸೀರಿ ಎಲ್ಲಿ?"

"ನನ್ನ ಕಡಿ ಅದರಿ. ಹೆಣ ತೊಳದವರಿಗಿ ಆ ಸೀರಿ ಬರೋ ಪದ್ಧತಿ. ಕದ್ದಿಲ್ಲ ಮತ್ತ."

ಹಸಿರು ಸೀರೆ. ಬೆನ್ನಿನ ಭಾಗದಲ್ಲಿ ಅಂಗೈಯಗಲದ ಕಂದು ಕಲೆಗಳು. ಎರಡು ಸಲ ಒಗೆದರೂ ಹೋಗಿಲ್ಲವೆಂದು ಬಂಡಮ್ಮ ಗೊಣಗಿದಳು. ಬಾಳೆಯ ಕಲೆ ಹಾಗೆಲ್ಲ ಹೋಗುವುದಿಲ್ಲ. ಇಬ್ಬರು ಪಂಚರ ಸಮಕ್ಷಮ ಸೀರೆಯನ್ನು ಜಪ್ತಿ ಮಾಡಿ ಪಂಚನಾಮೆ ಬರೆದರು.

"ಕೇರಳದಾಗ ಬಾಳಿಗೇನು ಬರ ಅದ ಏನ್ರಿ ಸರ್?" ಎಂದ ಅಮೋಘಸಿದ್ದ.

"ಕೇರಳಕ್ಕ ಹೋಗಿದ್ರ ತಾನೇ?" ಎಂದರು ಖಮರುದ್ದೀನ್.

ಎರಡೂವರೆಗೆ ಅಣವೀರಪ್ಪನ ಮನೆ. ನಲವತ್ತಾರರ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಕೇಳುವ ಮೊದಲೇ ಕಡತ ತಂದು ಮುಂದಿಟ್ಟ. ಪ್ರವಾಸದ ಬಸ್ ಟಿಕೆಟು, ದಿನವಾರು ಪಟ್ಟಿ, ಎಲ್ಲವೂ ಇತ್ತು. ಶಾಲೆಯ ಹುಡುಗರು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ: ಹದಿಮೂರಕ್ಕೆ ಗೋಕರ್ಣ, ಹದಿನಾಲ್ಕಕ್ಕೆ ಆಗುಂಬೆಯ ಕಾಡು, ಹದಿನಾರಕ್ಕೆ ಕಣ್ಣೂರು, ಹದಿನೆಂಟರಿಂದ ಇಪ್ಪತ್ತರವರೆಗೆ ವರ್ಕಲಾ.

"ವರ್ಕಲಾದಾಗ ಸಮುದ್ರ ಹ್ಯಾಂಗಿತ್ತು?"

ಅಣವೀರಪ್ಪ ಪಟ್ಟಿಯ ಕಡೆ ನೋಡಿದ. ಅಲ್ಲಿ ಅದು ಇರಲಿಲ್ಲ.

"ನೀರಿತ್ತುರಿ," ಎಂದ.

ಖಮರುದ್ದೀನ್ ಟಿಕೆಟಿನ ಮೇಲಿನ ವಿಳಾಸ ಬರೆದುಕೊಂಡು ಎದ್ದರು.

ಸ್ಟೇಶನ್ ಬಜಾರಿನ ಲಾಡ್ಜೊಂದರ ಕೆಳಗೆ ಗುರುಲಿಂಗಪ್ಪನ ಪ್ರವಾಸ ಕಚೇರಿ. ಒಂದು ಮೇಜು, ಎರಡು ಕುರ್ಚಿ, ಗೋಡೆ ತುಂಬ ಆತನೇ ತೆಗೆದ ಫೋಟೋ. ಮೊದಲಿಗೆ ಬಸ್ಸು ಹೋಗಿ ಬಂದಿದೆ ಎಂದ. ಚಾಲಕನ ಹೆಸರು ಕೇಳಿದರೆ ತೊದಲಿದ. ಗಾಡಿಯ ನಂಬರು ಕೇಳಿದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತ.

"ಬಸ್ಸು ಹೊಂಟಿಲ್ರಿ ಸಾಹೇಬ್ರ. ಆರು ವರ್ಷ ಆತು, ಒಂದೂ ಹೊಂಟಿಲ್ಲ. ಮಂದಿಗಿ ಬಿಲ್ಲು ಬೇಕು, ಸಮುದ್ರ ಬ್ಯಾಡ."

"ಈ ಜಾಗಾ ಎಲ್ಲಾ ನೀವು ನೋಡೀರೇನು?"

"ನೋಡೀನ್ರಿ!" ಅವನ ಮುಖಕ್ಕೆ ಮೊದಲ ಸಲ ರಕ್ತ ಬಂತು. "ವರ್ಕಲಾದಾಗ ಕೆಂಪು ಗುಡ್ಡ ಕಡದಂಗ ನಿಂತದ, ಕೆಳಗ ಸಮುದ್ರ. ಗದ್ದಲ ಇಲ್ಲ, ಗಡಿಬಿಡಿ ಇಲ್ಲ. ಚಾಪಿ ಹಾಸಿಕೊಂಡು ದಿನಾ ಪೂರ್ತಿ ಸುಮ್ಕ ಕೂಡಬಹುದು. ನಮ್ಮ ಮಂದಿ ಈ ಬಿಸಿಲಾಗ ಬೇಯತಾರ, ಒಮ್ಮೆ ತಣ್ಣಗ ಕೂತು ಬರಲಿ ಅಂತ ಎರಡು ಸಲ ಖರೇ ಕರಕೊಂಡು ಹೋದೆ. ಒಂದು ಗುಡಿ ಬಿಟ್ರ ಬಜಾರ ಸುದ್ದಾ ಇಲ್ಲ, ಇಲ್ಲಿ ನೋಡೋದೇನದ ಅಂತ ನನ್ನ ಕೂಡ ಜಗಳಾ ತೆಗದ್ರು. ಆಮ್ಯಾಲ ಬರೇ ಬಿಲ್ಲು ಬರದು ಕೊಟ್ಟೆ. ಆ ನೀಲಗಂಗಮ್ಮ ಬಾಯಿಯವರು ಮಾತ್ರ ಇಲ್ಲಿಗಿ ಬಂದು, ಖರೇನ ಹೋಗೋಣ ಅಂತ ಗಂಡಗ ಗಂಟು ಬಿದ್ದಿದ್ರು."

ಅಣವೀರಪ್ಪನ ಕಚೇರಿಗೆ ಹೋದಾಗ ಸಂಜೆ ಐದು. ಎಲ್‌ಟಿಸಿ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಒಬ್ಬನಲ್ಲ, ಇಡೀ ಸೆಕ್ಷನ್ನೇ ಹೆಗಲು ಮುಟ್ಟಿಕೊಂಡಿತು. ಒಬ್ಬ ಮಾತ್ರ ಹೊರಗೆ ಬಂದು ಮೆಲ್ಲಗೆ ಹೇಳಿದ: ನಾಲ್ಕು ವರ್ಷದ ಹಿಂದೆ ಸುಳ್ಳು ಬಿಲ್ಲಿನಲ್ಲಿ ಒಬ್ಬನನ್ನು ಸಸ್ಪೆಂಡ್ ಮಾಡಿದ್ದರು. ರಜೆಯ ದಿನಗಳಲ್ಲಿ ಪೇಟೆಯಲ್ಲಿ ತಿರುಗಿ ಸಿಕ್ಕಿಬಿದ್ದಿದ್ದ. ಅಂದಿನಿಂದ ಎಲ್ಲರೂ ಆ ಹನ್ನೆರಡು ದಿನ ಊರು ಬಿಟ್ಟು ಎಲ್ಲಾದರೂ ಅಡಗಿ ಕೂರುತ್ತಾರೆ.

ಖಮರುದ್ದೀನ್ ಠಾಣೆಗೆ ಬಂದು ಸಾಯಬಣ್ಣನನ್ನು ಕರೆಸಿದರು.

"ನಿಮ್ಮ ಅಕ್ಕನ ಗಂಡಗ ಬಾಳಿ ತ್ವಾಟ ಇದ್ದ ಸಂಬಂಧಿಕರು ಯಾರಾದ್ರೂ ಇದ್ದಾರೇನು?"

"ಕಮಲಾಪುರದಾಗ ಅವರ ಸೋದರಮಾವನ ತ್ವಾಟ ಅದರಿ. ಯಾಕ್ರಿ?"

ಖಮರುದ್ದೀನ್ ಊರಿನ ಹೆಸರು ಬರೆದುಕೊಂಡು ಎದ್ದರು. ಕಾರಣ ಹೇಳಬೇಕಿತ್ತೆಂದು ಆಮೇಲೆ ಅನ್ನಿಸಿತು.

ಮೇ 24, ಮಂಗಳವಾರ, ಬೆಳಿಗ್ಗೆ ಏಳು. ತಹಶೀಲ್ದಾರರ ಸಮ್ಮುಖದಲ್ಲಿ ಸಮಾಧಿ ತೆಗೆಸಲಾಯಿತು. ಪದ್ಧತಿಯಂತೆ ಕೂರಿಸಿ ಹೂತಿದ್ದ ಭಂಗಿಯಲ್ಲೇ ನೀಲಗಂಗಮ್ಮ ಹೊರಗೆ ಬಂದಳು. ಸಾಯಬಣ್ಣ ಗುರುತು ಹಿಡಿದು ಸಹಿ ಹಾಕಿ ಬೇವಿನ ಮರದ ಕೆಳಗೆ ಹೋಗಿ ಕೂತ. ವೈದ್ಯರು ಹತ್ತೂವರೆಗೆ ಕೈ ತೊಳೆದು ಹೇಳಿದರು: ಗಾಯವಿಲ್ಲ, ಕುತ್ತಿಗೆ ಒತ್ತಿದ ಗುರುತಿಲ್ಲ. ವಿಷದ ಪರೀಕ್ಷೆಗೆ ಕಳಿಸೋಣ, ಆದರೆ ವಾಂತಿಭೇದಿಯಾಗಿ ಮೈಯ ನೀರೆಲ್ಲ ಹೋದ ಲಕ್ಷಣವೇ ಹೆಚ್ಚು. ಸತ್ತು ಮೂರು ದಿನ ಆಗಿರಬಹುದು, ಐದು ದಿನ ಅಂತೂ ಅಲ್ಲ.

"ಉಳೀತಿದ್ರೇನು?" ಎಂದು ಕೇಳಿದರು ಖಮರುದ್ದೀನ್.

"ಹೊತ್ತಿಗೆ ಸರಿಯಾಗಿ ಸಲಾಯಿನ್ ಹಚ್ಚಿದ್ರ ಉಳೀತಿದ್ರು."

ಕಮಲಾಪುರ ಕಲಬುರಗಿಯಿಂದ ಮೂವತ್ತೆಂಟು ಕಿಲೋಮೀಟರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ಯಾರಾದರೂ ಒಬ್ಬರು ನೋಡಿಯೇ ಇರುತ್ತಾರೆ ಎಂದುಕೊಂಡು ಹೋದವರಿಗೆ ಹೆಚ್ಚು ಹುಡುಕುವ ಕೆಲಸವೂ ಬೀಳಲಿಲ್ಲ. ತೋಟ ಕಾಯುವ ಮರೆಮ್ಮ ಜೀಪು ಕಂಡದ್ದೇ ಅಳತೊಡಗಿದಳು. ಕೆಂಪು ಬಾಳೆಯ ಗೊನೆಗಳ ನಡುವೆ ತಗಡು ಹೊದಿಸಿದ ಪತ್ರಾಸಿನ ಒಂದು ಕೋಣೆ. ಒಳಗೆ ಮಲಗಲು ಹಗ್ಗದ ಹೊರಸು, ಸ್ಟೋವ್, ಬೀಗ ಹಾಕಿದ ಟ್ರಂಕು.

"ಯಾವಾಗ ಬಂದಿದ್ರು?"

"ಹನ್ನೊಂದನೇ ತಾರೀಖು ರಾತ್ರಿರಿ. ಯಾರಿಗೂ ಹೇಳಬ್ಯಾಡ, ಸರ್ಕಾರಿ ಕೆಲಸದ ಮಾತು ಅಂದ್ರು. ನಾ ಹೇಳಲಿಲ್ಲ."

"ಬ್ಯಾನಿ ಯಾವಾಗ ಸುರು ಆತು?"

"ಗುರುವಾರ ಮುಂಜಾನಿರಿ. ಹಿಂದ ಮುಂದ ಓಡಾಡಿ ಅವ್ವನ ಕೈಕಾಲಾಗ ಶಕ್ತಿ ಇರಲಿಲ್ಲ. ದವಾಖಾನಿಗಿ ಒಯ್ಯರಿ ಅಂತ ನಾ ಶುಕ್ರವಾರ ಎರಡು ಸಲ ಅಂದೆ. ರವಿವಾರ ಆಗಲಿ ಅಂದ್ರು. ಶನಿವಾರ ಕೋಳಿ ಕೂಗೋ ಹೊತ್ತಿಗಿ ಉಸಿರು ನಿಂತು ಹೋತು."

ಗೊನೆ ಸಾಗಿಸುವ ಟೆಂಪೋದಲ್ಲಿ ಬಾಳೆಯ ದಿಂಡು, ಎಲೆ ಹಾಸಿ ಹೆಣ ಮಲಗಿಸಿ ತಂದದ್ದನ್ನು ಚಾಲಕನೂ ಒಪ್ಪಿದ. ಪಂಚನಾಮೆಗಾಗಿ ಟ್ರಂಕು ಒಡೆಸಿದರು. ಎರಡು ಹೊಸ ಸೀರೆ, ಒಂದು ಹಗುರ ಚಾಪೆ, ಬಿಸಿಲಿಗೆ ಹಿಡಿಯುವ ಕೊಡೆ. ನಿಜಕ್ಕೂ ಹೋಗುತ್ತೇವೆಂದು ನಂಬಿ ಆಕೆ ಕಟ್ಟಿಕೊಂಡ ಸಾಮಾನು. ಅಮೋಘಸಿದ್ದ ಪಟ್ಟಿ ಮಾಡುತ್ತಾ ಮುಖ ಆ ಕಡೆ ತಿರುಗಿಸಿದ. ಖಮರುದ್ದೀನ್ ಒಂದೊಂದನ್ನೂ ಮುಟ್ಟಿ ಎಣಿಸಿದರು. ದುಃಖ ಬರಬೇಕಿತ್ತು, ಬರಲಿಲ್ಲ. ಅದಕ್ಕೆ ನಾಚಿಕೆಯಾಯಿತು.

ಸಂಜೆ ಆರು ನಲವತ್ತಕ್ಕೆ ಅಣವೀರಪ್ಪನನ್ನು ಮನೆಯಲ್ಲೇ ಬಂಧಿಸಿದರು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮರೆಮಾಚಿದ್ದು, ಎಂದು ಎಫ್‌ಐಆರ್ ಆಯಿತು. ಸುಳ್ಳು ಬಿಲ್ಲಿನ ವಿಷಯಕ್ಕೆ ಇಲಾಖೆಗೆ ಬೇರೆ ಪತ್ರ. ಅವನು ತಕರಾರು ಮಾಡಲಿಲ್ಲ. ಠಾಣೆಯ ಬೆಂಚಿನ ಮೇಲೆ, ಕಚೇರಿಯಲ್ಲಿ ಕೂರುವ ಹಾಗೆಯೇ ನೆಟ್ಟಗೆ ಕೂತು ಹೇಳಿಕೆ ಕೊಟ್ಟ. ಪ್ರವಾಸಕ್ಕೆಂದು ಬಂದ ಮುಂಗಡ ಹಣ ಮನೆಯ ಛಾವಣಿಗೆ ಹೋಗಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷದ ಸರ್ವಿಸ್ ಬುಕ್ಕಿನಲ್ಲಿ ತನ್ನ ಮೇಲೆ ಒಂದು ಕಪ್ಪು ಚುಕ್ಕೆಯೂ ಇಲ್ಲವೆಂದು ಎರಡು ಸಲ ಹೇಳಿದ.

"ಕಮಲಾಪುರದಾಗೂ ದವಾಖಾನಿ ಅದಲ್ಲ?"

"ಅಲ್ಲಿ ಹೆಸರು, ತಾರೀಖು ಬರಸಬೇಕಲ್ರಿ. ಕಲಬುರಗಿ ಸೇಡಂ ರಸ್ತೆದಾಗಿನ ದೊಡ್ಡ ದವಾಖಾನಿಗಿ ಒಯ್ದ್ರ ನಮ್ಮ ಕಚೇರಿಯವರು ಯಾರಾದ್ರೂ ನೋಡತಿದ್ರು. ರವಿವಾರದ ತನಕ ನಾವು ಕೇರಳದಾಗ ಇದ್ವಿರಿ."

"ಸಾಯ್ತಾರ ಅಂತ ಗೊತ್ತಿತ್ತೇನು?"

"ಇಲ್ರಿ. ವಾಂತಿಭೇದಿ ಎಲ್ಲಾರಿಗೂ ಆಗ್ತದ. ಮಜ್ಜಿಗಿ ಕುಡಿಸಿದ್ನಿ."

"ಅವರು ದವಾಖಾನಿಗಿ ಒಯ್ಯಿ ಅಂತ ಕೇಳಲಿಲ್ಲೇನು?"

ಅಣವೀರಪ್ಪ ಅಂಗಿಯ ತೋಳಿನ ಇಸ್ತ್ರಿ ಗೆರೆ ಸರಿಮಾಡಿಕೊಂಡ.

"ನನ್ನ ನೌಕರಿ ಹೋಗ್ತದ ಅಂತ ಆಕಿಗೂ ಅಂಜಿಕಿರಿ. ನೇರ ಕೇಳಲಿಲ್ಲ. ಶುಕ್ರವಾರ ಸಂಜಿಗಿ ಒಮ್ಮೆ ಕೇಳಿದಳು, ಇವತ್ತು ನಾವು ಎಲ್ಲಿ ಇರಬೇಕಿತ್ತುರಿ ಅಂತ. ವರ್ಕಲಾ ಅಂದೆ. ಅಲ್ಲಿ ದವಾಖಾನಿ ಅದ ಏನ್ರಿ ಅಂದಳು."

"ನೀವೇನಂದ್ರಿ?"

"ಇರಬೇಕು ಅಂದೆ."

ಅಮೋಘಸಿದ್ದ ಅದನ್ನು ಅವನು ಹೇಳಿದ ಹಾಗೆಯೇ ಬರೆದ. ಖಮರುದ್ದೀನ್ ಹೇಳಿಕೆಯನ್ನು ಒಮ್ಮೆ ಗಟ್ಟಿಯಾಗಿ ಓದಿ ಕೇಳಿಸಿ ಕೆಳಗೆ ಸಹಿ ಮಾಡಿದರು. ಆಮೇಲೆ ಹೊರಗೆ ಕಾಯುತ್ತಿದ್ದ ಸಾಯಬಣ್ಣನ ಹತ್ತಿರ ಹೋಗಿ, ಅವನಿಗೆ ಬೇಕಾಗಿದ್ದ ಊರಿನ ಹೆಸರನ್ನೂ ವೇಳೆಯನ್ನೂ ಹೇಳಿದರು.

"ಕಮಲಾಪುರ," ಎಂದ ಸಾಯಬಣ್ಣ. "ಗುರುವಾರ ನಾ ಅಲ್ಲೇ ಸಂತಿಗಿ ಹೋಗಿದ್ನಿರಿ."