ಎರ್ಮೆಕ್‌ನ ಎದೆಯ ಗೆರೆಗಳು

"ಅಂಗಿ ಬಿಚ್ಚಿ ಮಲಗಿ," ಎಂದಳು ಬುರುಲ್, ತಲೆ ಎತ್ತದೆ. ಇಸಿಜಿ ಯಂತ್ರಕ್ಕೆ ಕಾಗದದ ಸುರುಳಿ ಹಾಕುತ್ತಿದ್ದಳು.

"ಇನ್ನೂ ಎಡಗೈಯಲ್ಲೇ ಎಲ್ಲಾ ಕೆಲಸ ಮಾಡ್ತೀಯಾ?"

ಅವಳ ಕೈ ನಿಂತುಹೋಯಿತು.

ಆ ದನಿ... ಮರೆತೆನೆಂದು ವರ್ಷಗಟ್ಟಲೆ ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದ ದನಿ. ತಿರುಗಿ ನೋಡಿದಳು. ಮಂಚದ ಅಂಚಿನಲ್ಲಿ ಎರ್ಮೆಕ್ ಕೂತಿದ್ದ. ಕಿವಿಯ ಬಳಿ ಕೂದಲು ನರೆತಿತ್ತು, ತುಟಿ ಬಿಳಿಚಿತ್ತು.

"ಮಾತಾಡಬೇಡಿ. ಗೆರೆ ಕೆಡುತ್ತೆ," ಎಂದಳು, ಅವನನ್ನು ಮಲಗಿಸಿ ಎದೆಗೆ ತಂತಿ ಅಂಟಿಸುತ್ತ. 'ಬೇಡಿ' ಎಂದು ಬಹುವಚನ ಬಳಸುವಾಗ ನಾಲಿಗೆ ತಡವರಿಸಿತು.

ಒಂದು ಕಾಲದಲ್ಲಿ ಅವನ ತಾಯಿ ಈ ನರೀನ್ ಪಟ್ಟಣಕ್ಕೆ ಬಂದು, ಬುರುಲ್‌ಳ ಕಿವಿಗೆ ಓಲೆ ಇಟ್ಟು ಸಂಬಂಧ ಗಟ್ಟಿ ಮಾಡಿದ್ದಳು. ಅಷ್ಟರಲ್ಲಿ ಅವನ ಅಣ್ಣ ತೀರಿಕೊಂಡ. ಅದಾದ ಮೇಲೆ ಎರ್ಮೆಕ್ 'ಮದುವೆ ಬೇಡ' ಎಂದಷ್ಟೇ ಹೇಳಿ ಕಳಿಸಿ, ಬೆಟ್ಟದ ಮೇಲಿನ ಅತ್ತಿಗೆಯ ಮನೆ ಸೇರಿಬಿಟ್ಟ. ಅತ್ತಿಗೆಯನ್ನೇ ಕಟ್ಟಿಕೊಂಡನಂತೆ ಎಂದು ಊರೆಲ್ಲ ಆಡಿಕೊಂಡಿತು. ಮಗಳ ಮದುವೆಗೆಂದು ಹೊಲಿದಿಟ್ಟ ಹಾಸಿಗೆಗಳನ್ನು ನೋಡುತ್ತ, ಅವನನ್ನು ಶಪಿಸುತ್ತಲೇ ಬುರುಲ್‌ಳ ಅಮ್ಮ ಕಣ್ಣು ಮುಚ್ಚಿದಳು.

ಯಂತ್ರ ಕಾಗದವನ್ನು ಉಗುಳತೊಡಗಿತು. ಬುರುಲ್ ನೋಡಿದಳು. ಇನ್ನೊಮ್ಮೆ ನೋಡಿದಳು.

ಹೃದಯದ ಮೇಲಿನ ಕೋಣೆಗಳ ಪುಟ್ಟ ಅಲೆಗಳು ಸರಿಯಾದ ಲಯದಲ್ಲೇ ಸಾಗಿದ್ದವು. ಕೆಳಗಿನ ಕೋಣೆಗಳ ಎತ್ತರದ ಅಲೆಗಳು ಅಗಲವಾಗಿ, ಬಲು ನಿಧಾನವಾಗಿ, ಎಲ್ಲೋ ಒಂದೊಂದು. ಇವಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಮೇಲಿನ ಸಂದೇಶ ಕೆಳಗೆ ಇಳಿಯುತ್ತಲೇ ಇಲ್ಲ. ಪೂರ್ತಿ ಹಾರ್ಟ್ ಬ್ಲಾಕ್.

ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು...

ಬಾಗಿಲು ತೆರೆದು ಹೆಂಗಸೊಬ್ಬಳು ಒಳಬಂದಳು. ಕುದುರೆ ವಾಸನೆಯ ಕೋಟು, ಅತ್ತು ಊದಿದ ಕಣ್ಣು. ಅವಳೇ ಅತ್ತಿಗೆ, ಝಿಪಾರ್.

"ಡಾಕ್ಟ್ರೇ, ಕುದುರೆ ಮೇಲಿಂದ ಬಿದ್ಬಿಟ್ಟ. ನನ್ನ ಗಂಡನೂ ಹಿಂಗೇ ಬಿದ್ದಿದ್ದು, ಏಳಲೇ ಇಲ್ಲ. ನನ್ನ ಮೈದುನನ್ನಾದ್ರೂ ಉಳಿಸಿಕೊಡಿ. ನನ್ನ ಮಗಳಿಗೆ ಅಪ್ಪನ ಜಾಗದಲ್ಲಿರೋನು ಇವನೊಬ್ಬನೇ ಚಿಕ್ಕಪ್ಪ."

ಮೈದುನ. ಚಿಕ್ಕಪ್ಪ. ಹಾಗಾದರೆ ಗಂಡನಲ್ಲ; ಊರು ಆಡಿಕೊಂಡದ್ದು ಸುಳ್ಳು.

"ಮಗಳನ್ನೂ ಕರ್ಕೊಂಡು ಬನ್ನಿ. ಇದು ವಂಶದಲ್ಲಿ ಬಂದಿದ್ದಿರಬಹುದು, ಅವಳಿಗೂ ಇಸಿಜಿ ತೆಗೀಬೇಕು," ಎಂದು ಝಿಪಾರ್‌ಳನ್ನು ಕಳಿಸಿ, ಬುರುಲ್ ಅವನತ್ತ ತಿರುಗಿದಳು.

"ನಿನಗೆ ಗೊತ್ತಿತ್ತಾ?"

"ಅಪ್ಪ ಹಿಂಗೇ ಹೋದ. ಅಣ್ಣನೂ ಹಿಂಗೇ ಹೋದ. ಅವನನ್ನ ಮಣ್ಣು ಮಾಡಿದ ದಿನವೇ ನನಗೂ ಕಣ್ಣು ಕತ್ತಲೆ ಬಂತು." ಎರ್ಮೆಕ್ ಚಾವಣಿ ನೋಡುತ್ತಿದ್ದ. "ಅತ್ತಿಗೆಯ ಬಾಳು ಕಣ್ಣೆದುರಿಗಿತ್ತು. ನಿನಗೂ ಅದೇ ಗತಿ ತರಲಾ?"

"ನಾನು ವೈದ್ಯಕೀಯ ಓದ್ತಿದ್ದೆ, ಎರ್ಮೆಕ್. ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ."

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಅಪ್ಪಿಕೊಂಡು ಅಳಬೇಕೆನಿಸಿತು. ಎರಡನ್ನೂ ನುಂಗಿಕೊಂಡು ಹೇಳಿದಳು, "ಇದು ಶಾಪ ಅಲ್ಲ. ಎದೆಯಲ್ಲಿ ಪೇಸ್‌ಮೇಕರ್ ಅಂತ ಒಂದು ಪುಟ್ಟ ಯಂತ್ರ ಇಡ್ತಾರೆ. ಈಗಲೇ ಬಿಷ್ಕೆಕ್‌ನ ದೊಡ್ಡಾಸ್ಪತ್ರೆಗೆ ಹೊರಡಬೇಕು."

"ಅಣ್ಣನಿಗೂ ಅದನ್ನ ಇಟ್ಟಿದ್ರೆ... ಬದುಕ್ತಿದ್ನಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಹುಶಃ... ಹೌದು."

ಎರ್ಮೆಕ್ ಗೋಡೆಯ ಕಡೆ ಹೊರಳಿದ. ಎದೆಗೆ ಅಂಟಿಸಿದ್ದ ತಂತಿಗಳು ಅವನ ಬಿಕ್ಕುವಿಕೆಗೆ ಅಲುಗಾಡಿದವು.

ಬುರುಲ್ ತಾನೇ ಆಂಬುಲೆನ್ಸ್ ಹತ್ತಿದಳು. ದೋಲೋನ್ ಘಾಟಿಯ ತಿರುವುಗಳಲ್ಲಿ ಹಿಮ ಬೀಳುತ್ತಿತ್ತು. ಎರ್ಮೆಕ್ ಏನೋ ಹೇಳಲು ಬಾಯಿ ತೆರೆದ. ಕಣ್ಣು ಮೇಲಾಯಿತು.

ಮಾನಿಟರಿನ ಪರದೆಯ ಮೇಲೆ ಪುಟ್ಟ ಅಲೆಗಳು ಮಾತ್ರ ಉಳಿದವು. ಎತ್ತರದ ಅಲೆ ಒಂದೂ ಇಲ್ಲ.

"ಗಾಡಿ ನಿಲ್ಸು," ಎಂದು ಡ್ರೈವರಿಗೆ ಕೂಗಿ, ಎರ್ಮೆಕ್‌ನ ಎದೆಯ ಮೇಲೆ ಎರಡೂ ಅಂಗೈ ಇಟ್ಟು ಒತ್ತತೊಡಗಿದಳು. ತೋಳು ಸೋತರೂ ಬಿಡಲಿಲ್ಲ. "ಒಂದು ಸಲ ನೀನು ಹೇಳದೆ ಹೋದೆ. ಈ ಸಲ ಬಿಡಲ್ಲ, ಎರ್ಮೆಕ್. ಬಿಡಲ್ಲ..." ಅವಳ ಕಣ್ಣೀರು ಅವನ ಕೊರಳ ಮೇಲೆ ಬೀಳುತ್ತಿತ್ತು.

ಎತ್ತರದ ಅಲೆಯೊಂದು ಮೂಡಿತು. ಸ್ವಲ್ಪ ತಡೆದು, ಮತ್ತೊಂದು.

ಬಿಷ್ಕೆಕ್‌ನಲ್ಲಿ ಯಂತ್ರ ಇಟ್ಟ ಮರುದಿನ ಅವನು ಪೂರ್ತಿ ಎಚ್ಚರಗೊಂಡಾಗ, ಬುರುಲ್ ಮಗ್ಗುಲಲ್ಲಿ ಕೂತು ಚಹಾಕ್ಕೆ ರೊಟ್ಟಿ ಅದ್ದುತ್ತಿದ್ದಳು.

"ನನ್ನ ಪಕ್ಕೆಲುಬು ಮುರಿದವಳು ನೀನೇ ಅಂತೆ."

"ಇನ್ನೂ ನಾಲ್ಕು ಮುರೀಬೇಕಿತ್ತು. ಬಾಯಿ ತೆಗಿ." ರೊಟ್ಟಿಯ ತುಂಡನ್ನು ಅವನ ಬಾಯಿಗಿಟ್ಟಳು.

ನಿಧಾನವಾಗಿ ಅಗಿದು ಕೇಳಿದ, "ನಿಮ್ಮಮ್ಮನಿಗೆ ನನ್ನ ಮೇಲೆ ಸಿಟ್ಟಿತ್ತಾ?"

"ಸಾಯೋವರೆಗೂ."

ಅವನ ಕಣ್ಣು ತುಂಬಿತು. "ನನ್ನನ್ನ ಅವರ ಗೋರಿ ಹತ್ರ ಕರ್ಕೊಂಡು ಹೋಗ್ತೀಯಾ?"

"ಏನು ಹೇಳ್ತೀಯಾ ಅಲ್ಲಿ?"

"ತಡ ಆಯ್ತು ಅಂತ."

"ಅಷ್ಟೇನಾ?"

"ತಡ ಆಯ್ತು... ಆದ್ರೂ ಬಂದೆ ಅಂತ."

ಬುರುಲ್ ಚಹಾದ ಲೋಟ ಕೆಳಗಿಟ್ಟಳು. ಅವನ ಅಂಗೈ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು.

"ಗಾಯ ಒಣಗಲಿ. ಇಬ್ರೂ ಹೋಗೋಣ," ಎಂದಳು.